ಒಂಬತ್ತಡಿ ನಾಲ್ಕಿಂಚು

ನೋಟಿಸು ಬಂದ ದಿನ ಕರೆಂಟಿರಲಿಲ್ಲ.
ಬಾಗಿಲ ಬೆಳಕಿಗೆ ಹಿಡಿದು ಮಗಳು ಓದಿದಳು:
ಹುಲಿಗೆಮ್ಮ ಕೋಂ ತಿಪ್ಪೇಸ್ವಾಮಿ, ಕೌಲ್ ಬಜಾರ್, ಬಳ್ಳಾರಿ,
ಸದರಿ ಸ್ವತ್ತಿನ ಮುಂಭಾಗ ವಾಣಿಜ್ಯ ಬಳಕೆ,
ಕರ ಹನ್ನೊಂದು ಸಾವಿರದ ಎಂಟುನೂರ ನಲವತ್ತು.
ಹೋದ ವರ್ಷ ಎರಡು ಸಾವಿರದ ಚಿಲ್ಲರೆ ಕಟ್ಟಿದ್ದೆ.
ಮುಂಭಾಗ ಅಂದ್ರ ಯಾವುದವ್ವ, ಅಂದೆ.
ನೀ ಕುಂತಿದಿಯಲ್ಲ, ಅದು, ಅಂದಳು.

ಕುಂತಿದ್ದೆ, ಹೌದು.
ತಗಡಿನ ಕೆಳಗೆ, ನೀಲಿ ಧೂಳಿನೊಳಗೆ,
ಎಡಕ್ಕೆ ದಾರ ಜೋತುಬಿದ್ದ ಪ್ಯಾಂಟುಗಳ ಗುಡ್ಡೆ,
ಬಲಕ್ಕೆ ದಾರ ಕತ್ತರಿಸಿದ್ದವು.
ಒಂದಕ್ಕೆ ಒಂದೂವರೆ ರೂಪಾಯಿ.
ಹದಿನೆಂಟು ವರ್ಷದಿಂದ ಅಲ್ಲೇ.
ಈ ಹುಡುಗಿ ಅಂಬೆಗಾಲಿಟ್ಟಿದ್ದೂ ಆ ಗುಡ್ಡೆ ಹತ್ತಿ.

ಕೋರ್ಟಿನ ಹಿಂದಿನ ಗಲ್ಲಿ. ಗಾದಿಲಿಂಗಪ್ಪ ವಕೀಲರು.
ಬೋರ್ಡಿನ ಕೊನೆಯ ಅಕ್ಷರ ಬಿಸಿಲಿಗೆ ಸುಲಿದು ಹೋಗಿತ್ತು.
ಫೀಸು ಐದು ಸಾವಿರ, ಈಗ ಎರಡು, ಆದೇಶದ ದಿನ ಮೂರು,
ಸ್ಟಾಂಪು, ಟೈಪಿಂಗು, ಝೆರಾಕ್ಸು ಬೇರೆ.
ಕುಂತಲ್ಲೇ ಲೆಕ್ಕ ಹಾಕಿದೆ:
ಎರಡು ಸಾವಿರ ಅಂದ್ರ
ಸಾವಿರದ ಮುನ್ನೂರ ಮೂವತ್ತಮೂರು ಪ್ಯಾಂಟು,
ಮೇಲೆ ಇನ್ನೊಂದರ ಒಂದು ಕಾಲು.

"ಸುಲಭದ ಕೇಸು. ಅಫಿಡವಿಟ್ ಹಾಕೋಣ:
ಸದರಿ ಜಾಗದಲ್ಲಿ ಯಾವುದೇ ಕೆಲಸ ನಡೆಯುವುದಿಲ್ಲ.
ಇಲ್ಲಿ ಸಹಿ ಮಾಡಮ್ಮ."

ಪೆನ್ನು ಹಿಡಿದೆ.
ಉಗುರ ಸಂದಿಯ ನೀಲಿ ಆ ಇಂಕಿಗಿಂತ ಹಳೇದು.
"ಸಾರ್, ಹೋದ ಯುಗಾದಿಗೆ ಬ್ಯಾಂಕಿನಾಗ ಬರೆದು ಕೊಟ್ಟೀನಿ,
ಓವರ್‌ಲಾಕ್ ಮಿಷನ್ನಿನ ಸಾಲಕ್ಕ, ಇದು ನನ್ನ ಉದ್ಯಮ ಅಂತ.
ಮ್ಯಾನೇಜರು ಫೋಟೊ ತಕ್ಕೊಂಡು ಹೋಗ್ಯಾರ."
ವಕೀಲರು ಕನ್ನಡಕ ತೆಗೆದರು.
"ಆ ಕಾಗದ ಬ್ಯಾಂಕಿನಾಗ ಇರಲಿ, ಈ ಕಾಗದ ಪಾಲಿಕ್ಯಾಗ ಇರಲಿ.
ಎರಡೂ ಒಂದೇ ಟೇಬಲ್ಲಿಗೆ ಬರಬಾರದು, ಅಷ್ಟೇ."

ಆಯ್ತು ಅನ್ನಬೇಕಿತ್ತು. ಬಾಯಿ ಬರಲಿಲ್ಲ.
ನಾನೇನು ಸತ್ಯವಂತಿ ಅಲ್ಲ,
ರೇಷನ್ ಕಾರ್ಡಿಗೆ ಬರೆಸಿದ್ದೆಲ್ಲ ಆ ಹುಲಿಗಿ ತಾಯಿಗೇ ಗೊತ್ತು.
ಆದರೆ ಅಷ್ಟು ವರ್ಷ ಕುಂತ ಜಾಗದಲ್ಲಿ
ಯಾರೂ ಕುಂತಿರಲಿಲ್ಲ ಅಂತ ಬರೆಯೋದು,
ಬೆನ್ನು ಒಪ್ಪಲಿಲ್ಲ.

"ಎಷ್ಟಡಿ ಬರೆದಾರ ಸಾರ್?"
"ಹನ್ನೆರಡಕ್ಕೆ ಹದಿನೈದು."
"ಹನ್ನೆರಡು ಎಲ್ಲಿಂದ ಬಂತು?
ಚರಂಡಿ ಮ್ಯಾಲಿನ ಕಡಪಾ ಬಂಡಿ ಸೇರಿಸ್ಯಾರ.
ಒಂಬತ್ತಡಿ ನಾಲ್ಕಿಂಚು ಅದು.
ರಾತ್ರಿ ಹಾಸಿಗಿ ಹಾಸೋದೂ ಅಲ್ಲೇ, ನನಗ ಗೊತ್ತಿಲ್ಲೇನು?"

ಅವರ ಕುರ್ಚಿ ಕಿರ್ರೆಂದಿತು.
"ಚರಂಡಿ ಯಾರದು?"
"ಪಾಲಿಕೀದು."
ಮೊದಲ ಸಲ ನಕ್ಕರು.
"ಹಾಸಿಗಿ ಅಂದ್ಯಲ್ಲ, ಅದನ್ನ ಇನ್ನೊಂದು ಸಲ ಹೇಳು."
ಗುಮಾಸ್ತ ಹಳೆಯ ಹಾಳೆ ಹರಿದ.
ಹಗಲು ಕಸುಬು, ರಾತ್ರಿ ವಾಸ, ಅಂತ ಬರೆಸಿದರು.
"ಸಾರ್, ಫಾರಮಿನಾಗ ಎರಡೇ ಖಾನೆ ಅದಾವು."
"ಮಾರ್ಜಿನ್ನಿನಾಗ ಬರಿಯಪ್ಪ."

ಅವರ ಕರಿ ಗೌನಿನ ತೋಳಿಂದ ದಾರವೊಂದು ಇಳಿದಿತ್ತು.
ನನ್ನ ಕೈ ತಾನಾಗೇ ಸೊಂಟದ ಕತ್ತರಿಗೆ ಹೋಯಿತು.
ವಾಪಸ್ ಕರಕೊಂಡೆ.

ಮೊದಲ ತಾರೀಖಿಗೆ ಸಾಹೇಬರು ಮೀಟಿಂಗಿನಲ್ಲಿದ್ದರು.
ಎರಡನೆಯದಕ್ಕೆ ಆ ಸಾಹೇಬರೇ ಇರಲಿಲ್ಲ, ವರ್ಗ ಆಗಿತ್ತಂತೆ.
ಈಗ ಬರುವ ತಿಂಗಳು ಹದಿನಾಲ್ಕು.
ಗೆಲ್ತೀವಾ ಸಾರ್ ಅಂದರೆ
ನೋಡೋಣ ಅಂತಾರೆ, ಡಾಕ್ಟರರ ಹಂಗೆ.
ಆದರೂ ಫೋನು ಎತ್ತುತ್ತಾರೆ, ಅದು ದೊಡ್ಡದು.

ರಾತ್ರಿ ಹನ್ನೊಂದು. ಗುಡ್ಡೆ ಇಳಿಯಿತು.
ಬಂಡೆ ಬಿಟ್ಟು ಮತ್ತೊಮ್ಮೆ ಟೇಪು ಹಿಡಿದೆ,
ಗಟ್ಟಿಯಾಗಿ, ಯಾರೋ ಕೇಳಿದಂತೆ, ಓದಿದೆ.
ಪಾಲಿಕೆಯ ನಕ್ಷೆಯಲ್ಲಿ ಒಂದು ಕೆಂಪು ಗೆರೆ ಐತಿ,
ಈಚೆ ವಾಸ, ಆಚೆ ವಾಣಿಜ್ಯ.
ಮಗಳು ಅಡ್ಡ ಮಲಗಿದ್ದಾಳೆ:
ತಲೆ, ಎದೆ, ಹೊಟ್ಟೆ ಮನೆಯೊಳಗೆ,
ಮೊಣಕಾಲಿನಿಂದ ಕೆಳಗೆ ಮೂರು ಪಟ್ಟು ದರ.

ಅಂಗಾಲಿಗೊಂದು ನೀಲಿ ದಾರ ಅಂಟಿತ್ತು.
ತೆಗೆದೆ.
ನಿದ್ದೆಯಲ್ಲೇ ಕಾಲು ಮಡಚಿಕೊಂಡಳು.